ಸಾಕು

ನಾಲ್ಕನೆಯದೂ ಹೆಣ್ಣೇ ಆದಾಗ
ಅಪ್ಪ ತೊಟ್ಟಿಲ ಕಡೆ ನೋಡದೆಯೇ ಇಟ್ಟ ಹೆಸರು
ಸಾಕಮ್ಮ.
ಈಗ ನನ್ನ ಹೆಸರೇ ನನ್ನ ಕೆಲಸ.
ಮಂಡ್ಯದ ಪ್ರಯೋಗಶಾಲೆಯ ಹಿಂದಿನ ತಗಡಿನ ಕೋಣೆ,
ಬೇಸನ್ನಿನಲ್ಲಿ ಜೋಳದ ನುಚ್ಚು, ನುಚ್ಚಿನೊಳಗೆ ಹುಳ.
ಹುಳ ಪತಂಗವಾಗಿ ಎದ್ದ ದಿನ ಮೂಗಿಗೆ ಬಟ್ಟೆ ಕಟ್ಟಬೇಕು,
ರೆಕ್ಕೆಯ ಹುಡಿ ಎದೆಗಿಳಿದರೆ ರಾತ್ರಿಯೆಲ್ಲ ಕೆಮ್ಮು.

ಪತಂಗದ ಮೊಟ್ಟೆ ಜರಡಿ ಹಿಡಿದು
ಗೋಂದು ಬಳಿದ ಕಾರ್ಡಿನ ಮೇಲೆ ಉದುರಿಸುತ್ತೇನೆ,
ಕಜ್ಜಾಯಕ್ಕೆ ಗಸಗಸೆ ಉದುರಿಸಿದ ಹಾಗೆ.
ಒಂದು ಕಾರ್ಡಿಗೆ ಇಪ್ಪತ್ತು ಸಾವಿರವಂತೆ.
ಎಣಿಸಿದವರು ಯಾರೂ ಇಲ್ಲ, ಒಂದು ಪುಟ್ಟ ಅಳತೆ ಮುಚ್ಚಳ ಇದೆ.

ಆಮೇಲೆ ಗಾಜಿನ ಕೊಳವೆಯೊಳಗೆ ಅವಳನ್ನು ಬಿಡುತ್ತೇವೆ.
ಕಣಜ ಅನ್ನುತ್ತಾರೆ ಸಾಹೇಬರು.
ನನ್ನ ಕಣ್ಣಿಗೆ ಬರೀ ಧೂಳು, ತನ್ನಷ್ಟಕ್ಕೆ ನಡೆಯುವ ಧೂಳು.
ಸೂಜಿಯ ಕಣ್ಣಲ್ಲಿ ಅಂಥವರು ಮೂವರು ಕೂತು ಮಾತಾಡಬಹುದು.
ಇನ್ನೊಬ್ಬಳ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತಾಳೆ.
ನಾಲ್ಕನೇ ದಿನಕ್ಕೆ ಬಿಳಿಚಿದ್ದ ಕಾರ್ಡು ಕಪ್ಪಿಡುತ್ತದೆ.
ಕಪ್ಪಾದರೆ ಕೆಲಸ ಕೈಗೂಡಿತು ಎಂದರ್ಥ.
ಸಾಹೇಬರು ಮಸೂರ ಹಿಡಿದು ನೋಡಿ ತಲೆಯಾಡಿಸುತ್ತಾರೆ,
ನಾನು ಕತ್ತರಿ ತೆಗೆದುಕೊಳ್ಳುತ್ತೇನೆ.

ದುದ್ದದ ಹತ್ತಿರ ತಮ್ಮಣ್ಣೇಗೌಡರ ಕಬ್ಬು,
ಮೊಣಕಾಲೆತ್ತರ, ಅಲ್ಲಲ್ಲಿ ಸುಳಿ ಒಣಗಿದೆ.
ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ,
ತುದಿಯಲ್ಲಿ ಹುಳಿ ನಾತ.
“ಔಸ್ದಿ ವಾಸ್ನೆನೇ ಇಲ್ವಲ್ಲವ್ವ, ಇದು ಕೆಲ್ಸ ಮಾಡ್ತದಾ?”
ಹೋದ ಸಲ ಕೊಟ್ಟ ಕಾರ್ಡನ್ನು ಭದ್ರವಾಗಿರಲಿ ಎಂದು
ಟ್ರಂಕಿನಲ್ಲಿಟ್ಟಿದ್ದರು, ಪಹಣಿ, ಕ್ರಯಪತ್ರದ ಜೊತೆ.
ಮೂರು ದಿನ ಬಿಟ್ಟು ತೆಗೆದಾಗ
ಅಷ್ಟೂ ಸೈನ್ಯ ಅಪ್ಪನ ಹೆಬ್ಬೆಟ್ಟಿನ ಮೇಲೆ ಓಡಾಡುತ್ತಿತ್ತಂತೆ,
ತಿನ್ನಲು ಏನೂ ಸಿಗದೆ.
ಅದಕ್ಕೇ ಈ ಸಲ ನಾನೇ ಬಂದಿದ್ದೇನೆ.
ಬಿಸಿಲು ಇಳಿದ ಮೇಲೆ ಗರಿಯ ಅಡಿಗೆ
ಒಂದೊಂದೇ ಪಟ್ಟಿ, ಪಿನ್ನು ಒತ್ತಿ, ಮುಂದಕ್ಕೆ.
ನಾಲೆ ನೀರು ಬಂದಿದೆ. ಕಾಲಿಗೆ ತಣ್ಣಗೆ.

ಏಳರ ಬಸ್ಸು. ಕಿರುಗಾವಲು.
ಅತ್ತೆ ಜವರಮ್ಮ ಹುಳುಮನೆಯ ಬಾಗಿಲ ಪರದೆ ಸರಿಸದೆಯೇ
ಒಳಗಿಂದ ಕೂಗುತ್ತಾಳೆ: “ಬಿರ‍್ನೆ ಬಾ, ಊಜಿ ಬಂದ್ಬುಡ್ತದೆ!”
ನಾಲ್ಕನೇ ಜ್ವರ ಎದ್ದ ಹುಳ, ಬೆರಳುದ್ದ,
ಹಿಪ್ಪುನೇರಳೆ ಹಾಕಿದಷ್ಟೂ ಬೇಕು.
ಅವಳ ಹೆಗಲ ಮೇಲೆ ಒದ್ದೆ ಟವೆಲ್, ನೊಣ ಕಂಡರೆ ಬೀಸಲು.
ಆದರೂ ಒಂದು ಹೇಗೋ ನುಸುಳಿದೆ.
ದೀಪದ ಕೆಳಗೆ ಹಿಡಿದು ತೋರಿಸುತ್ತಾಳೆ:
ಬಿಳಿ ಮೈ, ಪಕ್ಕೆಯಲ್ಲಿ ಕಪ್ಪು ಚುಕ್ಕೆ,
ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.
ಮರಿ ಒಳಗೆ ಹೊಕ್ಕಾಗಿದೆ.
ಬೆಳಿಗ್ಗೆ ಇದೇ ಕಪ್ಪು ನೋಡಿ ನಾನು
ಸಾಹೇಬರ ಕಡೆ ನಕ್ಕಿದ್ದೆ.

ಚೀಲದಿಂದ ಪೊಟ್ಟಣ ತೆಗೆದೆ,
ರೇಷ್ಮೆ ಇಲಾಖೆಯವರು ಕೊಟ್ಟದ್ದು, ಬಲೆಬಟ್ಟೆಯದು.
“ಇದ್ರೊಳ್ಗೆ ಏನದೆ?”
ಊಜಿಯ ಕೋಶ ಕೊರೆಯುವ ಕಣಜ, ಅತ್ತೆ. ಹುಳಕ್ಕೇನೂ ಮಾಡಲ್ಲ.
“ಊಜಿಗೂ ಒಂದು ಊಜಿ!”
ಅವಳು ನಕ್ಕದ್ದು ಕಡಿಮೆ, ಅವತ್ತು ನಕ್ಕಳು.
ಆಮೇಲೆ ಸುಮ್ಮನಾಗಿ, “ಅದುಕ್ಕೆ?” ಅಂದಳು.
ಗೊತ್ತಿಲ್ಲ ಅಂದೆ. ಇರಬಹುದು ಅಂದೆ.
“ನೀ ಅಲ್ಲಿ ಸಾಕೋದೂ ಇಂಥದ್ನೇಯಾ?”
ಇಂಥದ್ದನ್ನೇ.

ಚುಕ್ಕೆ ಹುಳವನ್ನು ಬಿಸಾಡುತ್ತಾಳೆ ಅಂದುಕೊಂಡಿದ್ದೆ.
ಮೊರದಲ್ಲಿ ಬೇರೆ ಇಟ್ಟಳು.
ಅದು ಆಗಲೇ ತಲೆಯೆತ್ತಿ ಎಲೆ ಹುಡುಕುತ್ತಿತ್ತು.
“ಹಸ್ದದೆ. ಹೊಟ್ಟೇಲಿರೋದು ಅದುಕ್ಕೇನು ಗೊತ್ತು?”

ಸೊಪ್ಪು ಹಾಕುತ್ತಾ ಹೋದೆ.
ಹಿಂದಿನಿಂದ ಕೇಳಿಸಿತು, “ಸಾಕೂ…”
ಕರೆದಳೋ, ನಿಲ್ಲಿಸು ಅಂದಳೋ,
ಕೆಮ್ಮು ಬಂತು, ತಿಳಿಯಲಿಲ್ಲ.
ಕೈಯಲ್ಲಿದ್ದ ಒಂದು ಎಲೆ
ಮೊರಕ್ಕೇ ಹಾಕಿದೆ.