ಐಸ್ ಗೋದಾಮಿನ ಬೀಗದ ಕೈ

ಬೀಗದ ಕೈ ನನ್ನ ಅಂಗೈಗೆ ಹಾಕಿ
ಮಾರ್ಸೆಲಿನ್ ಬಾಯಿ ಹೇಳಿದ್ದು ಒಂದೇ ಮಾತು:
ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ.

ಹೋಗಲಿಲ್ಲ.
ಮೂವತ್ತು ವರ್ಷ ಬಾಂಗಡೆಯ ಮೈಮೇಲೆ ಕರಗಿದ ಮಂಜು
ಹಾಸುಗಲ್ಲಿನ ಸಂದಿಯಲ್ಲಿ ಇನ್ನೂ ಉಸಿರಾಡುತ್ತದೆ.
ಎರಡು ರವಿವಾರ ಫಿನಾಯಿಲು, ಒಂದು ರವಿವಾರ ಸುಣ್ಣ.
ಗೋಡೆಯ ಕೊಕ್ಕೆ ಕೀಳಲು ಬಂದ ಯಮನೂರ
ಎರಡು ಕಿತ್ತು, ಬೆವರೊರೆಸಿ,
'ಇರಲಿ ಬಿಡ್ರಿ ಸರ, ಪಾಟೀಚೀಲ ತೂಗಹಾಕಾಕ ಬರ್ತಾವ' ಅಂದ.

ಗದಗ, ಕೊಪ್ಪಳ, ಸವಣೂರಿನ ಬಸ್ಸಿಳಿದು
ವಾಸ್ಕೋದ ಈ ಓಣಿಯಲ್ಲಿ ತಗಡು ಹೊದಿಸಿಕೊಂಡವರ ಮಕ್ಕಳು.
ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು,
ಜೆಟ್ಟಿಯ ಮೇಲೆ ಮತ್ತೊಂದು;
ಬೈಗುಳ ಮಾತ್ರ ಎಲ್ಲದರಲ್ಲೂ ಸರಾಗ.
ಬೋರ್ಡಿಗೆ ಯಾವ ಲಿಪಿ ಎಂಬ ಜಗಳ ಮುಗಿಯದೆ
ಬಿಳಿ ಬಣ್ಣ ಬಳಿದ ತಗಡು ಹಾಗೇ ಗೋಡೆಗೆ ಒರಗಿದೆ.

ಉದ್ಘಾಟನೆ ಹತ್ತೂವರೆಗೆ.
ಹನ್ನೊಂದಾದರೂ ಕೌನ್ಸಿಲರ್ ಇಲ್ಲ.
ಟೇಪು ಬಿಗಿದಿದ್ದೆವು, ಕತ್ತರಿ ಮರೆತಿದ್ದೆವು.
ಇಮಾಂಬಿ ಮೀನು ಕೊಯ್ಯುವ ಚೂರಿ ತರಲು ಓಡಿದಳು.
ಅಷ್ಟರಲ್ಲಿ ಸಣ್ಣವರು ಟೇಪಿನಡಿ ನುಸುಳಿ
ಕೇರಂ ಬೋರ್ಡಿನ ತುಂಬ ಪೌಡರು ಚೆಲ್ಲಿಯಾಗಿತ್ತು.

ನನ್ನ ಜೇಬಿನಲ್ಲಿ ಭಾಷಣ, ನಾಲ್ಕು ಮಡಿಕೆ.
ಅದರಲ್ಲಿ 'ಯುವಶಕ್ತಿ' ಆರು ಸಲ.

ಹುಲಿಗೆಮ್ಮ ಬಂದಳು, ಎಲ್ಲರಿಗಿಂತ ತಡವಾಗಿ.
ಹತ್ತನೆಯ ಇಯತ್ತೆ, ಗಣಿತದಲ್ಲಿ ಒಮ್ಮೆ ನಪಾಸು.
ನಸುಕಿನ ನಾಲ್ಕರಿಂದ ಅವ್ವನ ಜೊತೆ ಸೀಗಡಿ ಸುಲಿದು
ಬೆರಳ ತುದಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು.
ಪುಸ್ತಕದ ಕಪಾಟು ನೋಡಲಿಲ್ಲ,
ದಾನಕ್ಕೆ ಬಂದ ಎರಡು ಕಂಪ್ಯೂಟರ್ ನೋಡಲಿಲ್ಲ.
'ಬಾಗಿಲಕ್ಕ ಒಳಗಿನಿಂದ ಚಿಲಕ ಐತೇನ್ರಿ?'
ಹಿಂದಿನ ಕೋಣೆಗೆ ಐತಿ ಅಂದೆ.
'ಫ್ಯಾನು?'
ಅದೂ ಐತಿ.

ಚಿಲಕ ಬಿದ್ದ ಸದ್ದು.
ಓದುವ ಕೋಣೆ ಅದು. ನಾನೇ ವೇಳಾಪಟ್ಟಿ ಅಂಟಿಸಿದ್ದೆ:
ಹನ್ನೊಂದರಿಂದ ಹನ್ನೆರಡು, ಬೀಜಗಣಿತ.

ಹಿಂದೆ ಐಸ್ ಜಾರಿಸುತ್ತಿದ್ದ ಕಿಂಡಿಯಲ್ಲಿ ಇಣುಕಿದ ಇಮಾಂಬಿ
ಚೂರಿ ಹಿಡಿದ ಕೈಯಲ್ಲೇ ಸುಮ್ಮನಿರಿ ಎಂದು ಸನ್ನೆ ಮಾಡಿದಳು.
'ಮಲಗ್ಯಾಳ.'
ತಲೆಯಡಿ ನೋಟಬುಕ್ಕು, ತಣ್ಣನೆ ಕಲ್ಲಿನ ಮೇಲೆ
ಕಾಲು ಚಾಚಿ, ಪೂರ್ತಿ ಚಾಚಿ,
ಏಳು ಮಂದಿಯ ಒಂದೇ ಕೋಣೆಯಲ್ಲಿ
ಯಾರಿಗೂ ತಾಗದೆ ಚಾಚಲಾಗದಷ್ಟು.

ಕೌನ್ಸಿಲರ್ ಬಂದರು, ಪಟಾಕಿ ಸರ ಸಮೇತ.
ಪಟಾಕಿ ಬೇಡ ಎಂದೆವು. ಮೈಕೂ ಬೇಡ ಎಂದೆವು.
ಮುಖ ಗಂಟು ಹಾಕಿ, ಅರ್ಧ ಚಹ ಬಿಟ್ಟು ಹೋದರು.
ಕೇರಂ ಆಡುವವರು ಸ್ಟ್ರೈಕರನ್ನು
ಬೆರಳಿಂದ ಮೆಲ್ಲಗೆ ದೂಡತೊಡಗಿದರು.
ಭಾಷಣ ಜೇಬಿನಲ್ಲೇ ಬೆವರು ಕುಡಿಯಿತು.

ಹಾಜರಿ ಪುಸ್ತಕದ ಮೊದಲ ಪುಟ, ಮೊದಲ ಸಾಲು.
ಹೆಸರು ಬರೆದೆ. ಬಂದ ಹೊತ್ತು ಬರೆದೆ.
'ವಿಷಯ' ಎಂಬಲ್ಲಿ ಪೆನ್ನು ನಿಂತಿತು.

ಹೆಗಲ ಮೇಲಿಂದ ಬಗ್ಗಿ ನೋಡಿದ ಯಮನೂರ
ಪಿಸುಗುಟ್ಟಿದ:
'ಬೀಜಗಣಿತ ಅಂತ ಬರೀರಿ ಸರ.
ಎದ್ದ ಮ್ಯಾಲ ಮಾಡ್ತಾಳ.'

ಬರೆದೆ.