ಅಲ್ಪವಿರಾಮ ಇದ್ದಲ್ಲಿ

ಶನಿವಾರ ಬಟವಾಡೆ. ಶುಕ್ರವಾರ ಸಂಜೆ ಆರಕ್ಕೆ
ಗಾದಿಲಿಂಗಪ್ಪನವರು ಪ್ರಿಂಟು ಹಿಡಿದು ಬಂದರು:
"ಏನಮ್ಮಾ ಇದು, ಹೆಸರು ಲಕೋಟೆ ಮೇಲೈತೆ,
ಊರು ಲಕೋಟೆ ದಾಟಿ ಹೋಗೈತೆ."

ಹೌದು. ಮುನ್ನೂರ ಹನ್ನೆರಡು ಹೆಂಗಸರು
ಒಬ್ಬೊಬ್ಬರೂ ಒಂದೊಂದು ಚೌಕದಲ್ಲಿ, ಒಂದೇ ಉಸಿರಿನಲ್ಲಿ:
ಹೊನ್ನೂರಬಿ, ಗಂಡ ದಾದಾಪೀರ್, ನೀರಿನ ಟಾಕಿ ಹಿಂದೆ, ಕೌಲ್ ಬಜಾರ್, ಬಳ್ಳಾರಿ
ಎರ್ರೆಮ್ಮ, ಗಂಡ ಲೇಟ್ ತಿಪ್ಪಯ್ಯ, ಸುಂಕ್ಲಮ್ಮನ ಗುಡಿ ಓಣಿ,
ಅಲ್ಲಿಗೆ ಕಾಗದ ಮುಗಿದಿತ್ತು.

ಹೊರಗೆ ಷೆಡ್ಡಿನಲ್ಲಿ ದಾರ ಕತ್ತರಿಸುವ ಹುಡುಗಿಯರು.
ಹೊಲಿದ ಜೀನ್ಸು ತೊಡೆಯ ಮೇಲೆ ಹಾಸಿ
ತುದಿ ಎಲ್ಲಿ ಜೋತಿದೆಯೋ ಅಲ್ಲಿ ಕಚಕ್.
ಉಗುರಿನ ಸಂದಿಯ ತನಕ ನೀಲಿ.
ನನಗೂ ಬೇಕಿತ್ತು ಅಂಥದೊಂದು ಕತ್ತರಿ.

ಇಮಾಂಬಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.
ನನಗಿಂತ ಮೊದಲು ಹನ್ನೊಂದು ವರ್ಷ ಈ ಕುರ್ಚಿ ಅವಳದು.
ಸೀಟಿನ ಸ್ಪಂಜು ಇನ್ನೂ ಅವಳ ಅಳತೆಗೇ ತಗ್ಗಿದೆ.

"ಕಂಟ್ರೋಲ್ ಎಚ್ ಒತ್ತು. ಎರಡು ಖಾನೆ ಬರ್ತಾವೆ.
ಮೇಲಿಂದರಾಗೆ ಕಾಮಾ, ಅದರ ಹಿಂದೇ ಒಂದು ಸ್ಪೇಸು.
ಮರೀಬೇಡ, ಮರೆತರೆ ಸಾಲೆಲ್ಲಾ ಒಂದು ಕೂದಲು ಒಳಗೆ ನಿಂತಾವು,
ಬೀಗರ ಮನಿಗೆ ಬಂದೋರ ಹಂಗೆ.
ಕೆಳಗಿಂದರಾಗೆ ಕಂಟ್ರೋಲ್ ಹಿಡಿದು ಜೆ."

"ಏನೂ ಬೀಳ್ತಿಲ್ಲ ಅಕ್ಕಾ."

"ಬಿದ್ದೈತೆ. ಕಾಣಲ್ಲ. ಒಂದು ಚುಕ್ಕಿ
ಮಿಟಿಮಿಟಿ ಅಂತದೆ, ಸಾಸಿವೆಗಿಂತ ಸಣ್ಣದು.
ನಿನ್ನ ಕಣ್ಣಿಗೆ ಕಾಣ್ತದೆ, ನೋಡು."

ಕಂಡಿತು. ಎಲ್ಲ ಬದಲಿಸು ಅಂದೆ.
ಸಾವಿರದ ಏಳ್ನೂರ ಮೂವತ್ತನಾಲ್ಕು ಕಡೆ ಬದಲಾಯಿತು.
ಸ್ಪೇಸು ಮರೆತಿದ್ದೆ.

ಗಾದಿಲಿಂಗಪ್ಪನವರು ಕನ್ನಡಕ ಹಣೆಗೇರಿಸಿ ಬಗ್ಗಿದರು:
"ಮೇಲೆ ಒಂದು ರೂಪಾಯಿ, ಕೆಳಗೆ ಎಂಟುನೂರ ಐವತ್ತು.
ಇದರಾಗೆ ಹೊನ್ನೂರಬಿಗೆ ಯಾವುದು, ನನಗ್ಯಾವುದು?"

ಕೂಲಿಯ ಅಂಕಿಗಳನ್ನೂ ಯಾರೋ ಅಕ್ಷರದ ಹಾಗೆ
ಕಾಮಾ ಹಾಕಿ ಹೊಡೆದಿದ್ದರು.
ಪ್ರತಿ ಸಾವಿರವೂ ಕುತ್ತಿಗೆಯಲ್ಲಿ ತುಂಡಾಗಿತ್ತು.

ಕಂಟ್ರೋಲ್ ಝಡ್. ಮುನ್ನೂರ ಹನ್ನೆರಡು ಮಂದಿಯೂ
ರೇಷನ್ ಅಂಗಡಿ ಮುಂದಿನ ಹಾಗೆ ಮತ್ತೆ ಒತ್ತೊತ್ತಾಗಿ ನಿಂತರು.
ಈ ಸಲ ಕಾಮಾ. ಸ್ಪೇಸು. ಚುಕ್ಕಿ.

ಹೊನ್ನೂರಬಿ
ಗಂಡ ದಾದಾಪೀರ್
ನೀರಿನ ಟಾಕಿ ಹಿಂದೆ
ಕೌಲ್ ಬಜಾರ್
ಬಳ್ಳಾರಿ

ಗಂಡ ಒಂದು ಮೆಟ್ಟಿಲು ಕೆಳಗಿಳಿದಿದ್ದ.
ಹೆಸರಿನ ಬಲಕ್ಕೆ, ಮೊದಲ ಸಲ,
ಯಾರೂ ಇರಲಿಲ್ಲ.

ಬಲತುದಿಯ ಷರಾ ಕಾಲಮ್ಮನ್ನು ನಾನು ಯಾವತ್ತೂ ಓದಿರಲಿಲ್ಲ.
ಬಾಗಿಲ ಸಂದಿಯಷ್ಟು ಅಗಲ, ಮುಕ್ಕಾಲು ಮುಚ್ಚಿಯೇ ಇರುತ್ತಿತ್ತು.
ಈಗ ಅಲ್ಲಿಯ ಕಾಮಾಗಳೂ ಬಿಚ್ಚಿಕೊಂಡಿದ್ದವು.
ಇನ್ನೂರ ಆರನೆಯದು ಎಲ್ಲಕ್ಕಿಂತ ಎತ್ತರ:

ಜೇಬು ಚೆನ್ನಾಗಿ ಹೊಲಿತಾಳೆ
ಜಿಪ್ಪು ಕೊಡಬೇಡಿ
ಸಂಜೆ ಮೇಲೆ ಕಣ್ಣು ಮಂಜು
ಕೇಳಿದರೆ ಇಲ್ಲ ಅಂತಾಳೆ
ಹಗಲು ಕೆಲಸ ಅಷ್ಟೇ

ಎಡಕ್ಕೆ ಸರಿಯುತ್ತಾ ಸರಿಯುತ್ತಾ ಹೆಸರಿಗೆ ಬಂದೆ.
ಇಮಾಂಬಿ
ಗಂಡ ಇಲ್ಲ
ಮಿಲ್ಲರ್‌ಪೇಟೆ

ತನ್ನ ಷರಾ ತಾನೇ ಟೈಪು ಮಾಡಿ, ಉಳಿಸಿ,
ಕುರ್ಚಿಯಿಂದ ಎದ್ದು ಹೋಗಿದ್ದಳು.

"ಬಂತಾ?" ಮೇಜಿನ ಮೇಲೆ ಫೋನು ಕೇಳಿತು.
"ಬಂತಕ್ಕಾ."
ಆ ಕಡೆ ಅವಳ ಮಷೀನು ನಿಂತಿರಲಿಲ್ಲ.
ಹೊರಗೆ ಪೂರ್ತಿ ಕತ್ತಲು.
ದೀಪ ಹಾಕಿದ್ದಾಳೋ ಕೇಳೋಣ ಅಂದುಕೊಂಡೆ,
"ಪ್ರಿಂಟು ತೆಗಿ, ಸಾಹುಕಾರ ಕಾಯ್ತಾನೆ" ಅಂದಳು.

ಸೋಮವಾರ ಟಾಕಿಯನ್ನು ಟ್ಯಾಂಕ್ ಮಾಡಲು ಕೂತೆ.
ಕೆಳಗಿನ ಖಾನೆ ಖಾಲಿ. ಖಾಲಿ ಅಲ್ಲ:
ಮೂಲೆಯಲ್ಲಿ ಶುಕ್ರವಾರದ ಚುಕ್ಕಿ ಇನ್ನೂ ಮಿಟುಕುತ್ತಿತ್ತು.
ಅದನ್ನು ಅಳಿಸಲು ಬ್ಯಾಕ್‌ಸ್ಪೇಸು ಒಂದೇ ಸಲ ಒತ್ತಿದರೆ ಸಾಕು.
ನಾನು ಮೂರು ಸಲ ಒತ್ತಿದೆ.