ಮೊದಲ ನಿಲ್ದಾಣ

ಐಸೋಟೋಪು ಹೊತ್ತ ವಿಮಾನ ಸ್ಟಾಕ್‌ಹೋಮಿನಲ್ಲೇ ಕೂತಿದೆಯಂತೆ,
ರನ್‌ವೇಯನ್ನು ಹಿಮ ನುಂಗಿದೆ.
"ಆರು ತಾಸಿಗೊಮ್ಮೆ ಅರ್ಧ ಸಾಯುವ ವಸ್ತು ಅದು,
ನಾಳೆಗೆ ಉಳಿಯುವುದಿಲ್ಲ," ಎಂದರು ಡಾಕ್ಟರ್ ಹೆಡ್ವಿಗ್ ಓಡ್ಮನ್.
"ನಮ್ಮ ಕಪಾಟಿನಲ್ಲಿ ಕಬ್ಬಿಣವಿದೆ.
ಅದಕ್ಕೆ ಕಾಯುವುದು ಗೊತ್ತು."

ಕಬ್ಬಿಣ!
ಅಂಗಿ ಕಳಚಿ ಚಳಿಗೆ ಕೈಕಟ್ಟಿ ಕೂತಿದ್ದವಳಿಗೆ ನಗು ಬಂತು.
ಇಪ್ಪತ್ತಾರು ವರ್ಷ ಎಳೆದದ್ದು ಅದನ್ನೇ ನಾನು,
ಕಿರುನಾದ ಗಣಿಯಿಂದ ನಾರ್ವಿಕ್ ಬಂದರಿಗೆ,
ಒಂದರ ಹಿಂದೊಂದು ಅರವತ್ತೆಂಟು ವ್ಯಾಗನ್ನು ಕರಿ ಅದಿರು.
ಅಪ್ಪನ ಉಗುರ ಸಂದಿಯಲ್ಲಿತ್ತು ಅದು, ಶವಪೆಟ್ಟಿಗೆ ಮುಚ್ಚುವಾಗಲೂ.
ನಮ್ಮ ಮನೆತನದ ಹೆಸರೇ ಸ್ಟೋಲ್‌ನಾಕೆ,
ಉಕ್ಕಿನ ಕುತ್ತಿಗೆ.

ಈಗ ಎರಡು ಮಿಲಿಲೀಟರು, ಚಹಾದ ಗಸಿಯಂಥ ಬಣ್ಣ.
ಒಂದು ಕೂದಲೆಳೆಯ ಅಡ್ಡಗಲಕ್ಕೆ
ಸಾವಿರ ಕಣ ಸಾಲಾಗಿ ಕೂರುತ್ತವಂತೆ,
ಒಂದೊಂದಕ್ಕೂ ಸಕ್ಕರೆಯದೊಂದು ಕೋಟು.
ಎಷ್ಟು ನುರಿದರೆ ಇಷ್ಟು ಸಣ್ಣಗಾಗುತ್ತದೆ?
ನಮ್ಮ ಕ್ರಷರಿನ ಬೆರ್ನ್‌ಹಾರ್ಡ್‌ನನ್ನು ಕೇಳಬೇಕು.
ಸೂಜಿ ಇಳಿಯಿತು. ಉರಿಯಿತು. ಅಷ್ಟೇ.

"ಎಲ್ಲಿಗೆ ಹೋಗುತ್ತದೆ ಇದು?"
ಡಾಕ್ಟರು ಕಾಗದದ ಮೇಲೆ ಗೀಚಿದರು:
ಇದು ಸ್ತನ, ಇದು ಕಂಕುಳು, ನಡುವೆ ತೆಳ್ಳನೆ ದಾರಿ,
ದಾರಿಯಲ್ಲಿ ಗಂಟುಗಳು.
"ಗಡ್ಡೆಯಿಂದ ಏನೇ ತಪ್ಪಿಸಿಕೊಂಡು ಹೊರಟರೂ
ಮೊದಲು ಸಿಗುವುದು ಈ ಗಂಟಿಗೆ. ಕಬ್ಬಿಣವೂ ಅಲ್ಲೇ ಸಿಕ್ಕಿಬೀಳುತ್ತದೆ.
ಅದೊಂದನ್ನು ತೆಗೆದು ನೋಡಿದರೆ ಸಾಕು,
ಇಡೀ ಕಂಕುಳನ್ನು ಬಗೆಯಬೇಕಿಲ್ಲ."

ಅದು ಕಬ್ಬಿಣದ ಕಡಲೆಯೇನಲ್ಲ ನನಗೆ.
ಒಂಟಿ ಹಳಿ, ಮೊದಲ ನಿಲ್ದಾಣ.
ಎದುರಿನಿಂದ ಗಾಡಿ ಬರುವುದಿದ್ದರೆ
ಎಂಟು ಸಾವಿರ ಟನ್ ಹೊತ್ತವಳೂ
ಅಲ್ಲಿ ನಿಲ್ಲಲೇಬೇಕು.

ಮರುದಿನ ನಾನು ನಿದ್ದೆಯಲ್ಲಿದ್ದೆ.
ನಡೆದದ್ದನ್ನು ಆಮೇಲೆ ನರ್ಸ್ ಐನೋ ಹೇಳಿದಳು:
ಉಕ್ಕಿನ ಚಿಮಟ, ಉಕ್ಕಿನ ಕೊಕ್ಕೆ ಎಲ್ಲ ದೂರ ಸರಿಸಿ
ಪ್ಲಾಸ್ಟಿಕ್ಕಿನವನ್ನು ಹಿಡಿದರಂತೆ,
ಸಲಾಕೆಗೆ ಸುಳ್ಳು ಕಬ್ಬಿಣ ಕೇಳಬಾರದೆಂದು.
ಕಂಕುಳ ಮೇಲೆ ಅದನ್ನು ಆಡಿಸುತ್ತ ಹೋದಾಗ
ಮೊದಲು ಗುನುಗು, ಆಮೇಲೆ ಗೋಳು, ಆಮೇಲೆ ಕಿರುಚು.
ಸೀಳಿದರೆ ಅಲ್ಲೇ ಇತ್ತು,
ನೆನೆದ ಒಣದ್ರಾಕ್ಷಿಯಂತೆ ಕಂದಾಗಿ.
"ನಿನ್ನ ಅದಿರು ಗುನ್ವೋರ್, ಡಾಕ್ಟರಿಗೂ ಗಣಿ ಕೆಲಸ ಬಂತು ನೋಡು,"
ಎಂದು ನಕ್ಕಳು ಐನೋ. ನಾನೂ ನಕ್ಕೆ, ಹೊಲಿಗೆ ಎಳೆಯಿತು.

ಮೂರು ತೆಗೆದಿದ್ದರು.
ಎರಡು ಶುದ್ಧ.
ಮೂರನೆಯದರಲ್ಲಿ ಒಂದು ಚುಕ್ಕಿ.

ಆ ವಾರ ಯಾರೊಂದಿಗೂ ಮಾತಾಡಲಿಲ್ಲ.
ಗಂಡ ಮೀನು ಹುರಿದ. ತಿಂದೆ.

ಸೌನಾದಲ್ಲಿ ಹೆಂಗಸರು ಕಣ್ಣು ತಪ್ಪಿಸಿದರು.
ಎಡ ಸ್ತನದ ಮೇಲೆ ಕಂದು ಕಲೆ,
ಸೋರಿದ ಟ್ಯಾಂಕಿನ ಕೆಳಗೆ ತುಕ್ಕು ಹಬ್ಬಿದ ಹಾಗೆ.
ಮಾಸಲು ತಿಂಗಳುಗಳು, ವರ್ಷಗಳೂ ಬೇಕಾದೀತಂತೆ.
ಎಂಆರ್‌ಐ ತೆಗೆದರೆ ಆ ಜಾಗ ಬರೀ ಕತ್ತಲೆ.
ಎಂಬತ್ತು ದಾಟಿದ ವೆಂಡ್ಲಾ ಮಾತ್ರ
ಕಾದ ಕಲ್ಲಿಗೆ ನೀರು ಚೆಲ್ಲಿ, ಹಬೆಯೊಳಗಿಂದ ಕೇಳಿದಳು:
"ಏನೇ ಅದು, ಕಂಪನಿಯವರ ಸೀಲಾ?"
ಸದ್ಯ, ಯಾರೋ ಕೇಳಿದರಲ್ಲ.

ರೇಡಿಯೇಶನ್ ಮುಗಿದು ಮೇ ತಿಂಗಳು. ಮತ್ತೆ ಕ್ಯಾಬಿನ್ನು.
ಸರೋವರದ ಮೇಲೆ ಮಂಜುಗಡ್ಡೆ ಇನ್ನೂ ಬಿಟ್ಟಿಲ್ಲ.
ಮೊದಲ ನಿಲ್ದಾಣಕ್ಕೆ ಕೆಂಪು ದೀಪ.
ಬ್ರೇಕು ಹಾಕಿದೆ; ಹಿಂದೆ ಅರವತ್ತೆಂಟೂ
ಒಂದೊಂದಾಗಿ ಮೈಮುರಿದು ನಿಂತವು.
ಮುಂಚೆಯಾದರೆ ಬೈಯುತ್ತಿದ್ದೆ.

ಕೋಟಿನೊಳಗೆ ಕೈಯಿಟ್ಟು
ಆ ಕಲೆಯನ್ನು ಮುಟ್ಟಿ ನೋಡಿದೆ, ಬೆಚ್ಚಗಿತ್ತು.
ಥರ್ಮಾಸಿನ ಮುಚ್ಚಳ ತಿರುಗಿಸಿ ಕಾಫಿ ಬಗ್ಗಿಸಿಕೊಂಡೆ.
ಎದುರಿನ ಗಾಡಿ ಇನ್ನೂ ಕಾಣಿಸಿರಲಿಲ್ಲ.